ಬ್ರೈನ್ ಟಿಬಿ ಮತ್ತೆ ಸಿಬಿನ್ಯಾಟ್ ಟೆಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಟಿಬಿ ಮೆನಿಂಜೈಟಿಸ್ ಬಗ್ಗೆ, ಅಂದ್ರೆ ಮಿದುಳಿನ ಸುತ್ತ ಇರೋ ಪೊರೆಗೆ ಟಿಬಿ ತಗಲೋದು, ಜನ ಸಾಮಾನ್ಯವಾಗಿ ಬ್ರೈನ್ ಟಿಬಿ ಅಂತಾರೆ. ಸಿಬಿನ್ಯಾಟ್ ಅಂದ್ರೆ ಬೆನ್ನಿಂದ ತೆಗೆದ ನೀರಲ್ಲಿ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕೋ ಮೆಷಿನ್ ಟೆಸ್ಟ್. ವಾರ್ಡಿನ ಹೊರಗೆ ಕೂತಿರೋ ಮನೆಯವರು ಕೇಳೋದು, ಹೊಸದಾಗಿ ಡ್ಯೂಟಿಗೆ ಬಂದ ಹೌಸ್ ಸರ್ಜನ್‌ಗಳು ಕೇಳೋದು ಎರಡೂ ಸೇರಿಸಿದೀನಿ. ನಾನು ಲ್ಯಾಬ್ ಕಡೆಯವನು, ಹಾಗಾಗಿ ಸ್ಯಾಂಪಲ್ ವಿಷಯ ಬಂದಾಗ ಸ್ವಲ್ಪ ಎಳೀತೀನಿ, ಸಹಿಸ್ಕೊಳ್ಳಿ. ಮಾತ್ರೆ ಶುರು ಮಾಡೋದು ನಿಲ್ಲಿಸೋದು ಮಾತ್ರ ನಿಮ್ಮ ಡಾಕ್ಟ್ರೇ ಹೇಳ್ಬೇಕು.

ಟಿಬಿ ಅಂದ್ರೆ ಕೆಮ್ಮು ಕಫ ಅಲ್ವಾ, ಇವರಿಗೆ ಕೆಮ್ಮೇ ಇಲ್ಲ, ಮಿದುಳಿಗೆ ಹೇಗೆ ಹೋಯ್ತು?

ಒಳಗೆ ಬರೋದು ಉಸಿರಿನ ಮೂಲಕಾನೇ, ಶ್ವಾಸಕೋಶಕ್ಕೇ. ಅಲ್ಲಿಂದ ರಕ್ತದಲ್ಲಿ ಸೇರ್ಕೊಂಡು ಮಿದುಳಿನ ಹತ್ರ ಚಿಕ್ಕ ಗಂಟಾಗಿ ಕೂತಿರತ್ತೆ, ತಿಂಗಳುಗಟ್ಟಲೆ ಸುಮ್ಮನೆ ಇರಬಹುದು ವರ್ಷಗಟ್ಟಲೆನೂ ಇರಬಹುದು, ಆಮೇಲೆ ಯಾವಾಗಲೋ ಆ ಗಂಟು ಒಡೆದು ಬ್ಯಾಕ್ಟೀರಿಯಾ ಮಿದುಳು, ಬೆನ್ನುಹುರಿ ಸುತ್ತ ಇರೋ ನೀರಿಗೆ ಬಿದ್ದಾಗ ತೊಂದರೆ ಶುರು. ಎದೆ ಎಕ್ಸ್‌ರೇ ನಾರ್ಮಲ್ ಇದೆ ಅಂತ ಬ್ರೈನ್ ಟಿಬಿ ಅಲ್ಲ ಅನ್ನೋಕೆ ಬರಲ್ಲ, ಬಹಳ ಜನಕ್ಕೆ ಎಕ್ಸ್‌ರೇ ಚೆನ್ನಾಗೇ ಇರತ್ತೆ.

ಮಾಮೂಲಿ ಬ್ರೈನ್ ಫೀವರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಬೇರೆ ಬ್ಯಾಕ್ಟೀರಿಯಾದಿಂದ ಬರೋ ಮೆನಿಂಜೈಟಿಸ್ ಒಂದೆರಡು ದಿನದಲ್ಲೇ ಮಲಗಿಸಿಬಿಡತ್ತೆ. ಟಿಬಿ ಹಾಗಲ್ಲ, ನಿಧಾನ. ಒಂದು ವಾರ ಹತ್ತು ದಿನ ಸಣ್ಣ ಜ್ವರ, ತಲೆನೋವು, ಊಟ ಸೇರಲ್ಲ, ವಾಂತಿ, ಯಾರ ಹತ್ರಾನೂ ಸರಿಯಾಗಿ ಮಾತಾಡಲ್ಲ, ಮನೆಯವರು ಟೈಫಾಯ್ಡ್ ಇರಬೇಕು ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ತಂದು ಕೊಡ್ತಾ ಇರ್ತಾರೆ, ಅಷ್ಟರಲ್ಲಿ ಒಂದು ದಿನ ಕಣ್ಣು ಮೆಳ್ಳೆ ಆಗತ್ತೆ ಇಲ್ಲಾ ಫಿಟ್ಸ್ ಬರತ್ತೆ ಇಲ್ಲಾ ಮಂಪರು ಬಂದು ಎಬ್ಬಿಸಿದ್ರೂ ಏಳಲ್ಲ. ಡಾಕ್ಟ್ರು ಇದನ್ನ 1, 2, 3 ಅಂತ ಮೂರು ಗ್ರೇಡ್ ಮಾಡ್ತಾರೆ. ಒಂದನೇ ಗ್ರೇಡಲ್ಲಿ ಎಚ್ಚರ ಪೂರ್ತಿ ಇರತ್ತೆ ಕೈಕಾಲು ಸರಿ ಇರತ್ತೆ, ಮೂರನೇದು ಹೆಚ್ಚು ಕಮ್ಮಿ ಕೋಮಾ. ಔಷಧಿ ಒಂದೇ, ಆದ್ರೆ ಯಾವ ಗ್ರೇಡಲ್ಲಿ ಶುರು ಮಾಡಿದ್ರಿ ಅನ್ನೋದರ ಮೇಲೆ ಬದುಕ್ತಾರಾ, ಬದುಕಿದ್ರೂ ಎಷ್ಟು ಚೆನ್ನಾಗಿ ಬದುಕ್ತಾರೆ ಅನ್ನೋದು ನಿಂತಿದೆ. ಟೆಸ್ಟ್ ಬೇಗ ಆಗ್ಬೇಕು ಅಂತ ಇಷ್ಟು ಒದ್ದಾಡೋದು ಅದಕ್ಕೇ.

ಬೆನ್ನಿಂದ ನೀರು ತೆಗೆದ್ರೆ ಕಾಲು ಸ್ವಾಧೀನ ತಪ್ಪತ್ತೆ ಅಂತಾರಲ್ಲ?

ಈ ಮಾತು ಎಷ್ಟು ಜನರ ಟ್ರೀಟ್‌ಮೆಂಟ್ ತಡ ಮಾಡಿಸಿದೆಯೋ ಲೆಕ್ಕ ಇಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ, ಮೊದಲನೇ ಎರಡನೇ ಲಂಬಾರ್ ಮೂಳೆ ಹತ್ರಾನೇ ಮುಗಿದುಹೋಗತ್ತೆ. ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಮೂರು ನಾಲ್ಕನೇ ಮೂಳೆ ಮಧ್ಯೆ. ಅಲ್ಲಿ ಹುರಿನೇ ಇರಲ್ಲ, ಬರೀ ನರದ ಎಳೆಗಳು ನೀರಲ್ಲಿ ತೇಲ್ತಾ ಇರ್ತವೆ, ಸೂಜಿ ಬಂದ್ರೆ ಪಕ್ಕಕ್ಕೆ ಸರೀತವೆ. ಆಮೇಲೆ ಎರಡು ಮೂರು ದಿನ ತಲೆನೋವು ಬರಬಹುದು, ಅದು ನಿಜ, ಮುಚ್ಚಿಡೋಕೆ ಹೋಗಲ್ಲ. ಕೆಲವರಿಗೆ ತಕ್ಷಣ ಮಾಡೋಕೆ ಆಗಲ್ಲ, ತಲೆಯೊಳಗೆ ಪ್ರೆಶರ್ ವಿಪರೀತ ಇರೋ ಲಕ್ಷಣ ಇದ್ರೆ ಮೊದಲು ಸಿಟಿ ಸ್ಕ್ಯಾನ್ ಮಾಡಿಸ್ತಾರೆ, ಪ್ಲೇಟ್‌ಲೆಟ್ ತುಂಬಾ ಕಮ್ಮಿ ಇದ್ರೆ ಕಾಯ್ತಾರೆ. ಕಾಲು ಬಿದ್ದೋಗೋದು ಸೂಜಿಯಿಂದ ಅಲ್ಲ, ಟಿಬಿನ ಹಾಗೇ ಬಿಟ್ರೆ ಅದರಿಂದ ಹೋಗೋ ಸಾಧ್ಯತೆನೇ ಜಾಸ್ತಿ.

ಎಷ್ಟು ನೀರು ತೆಗೀತಾರೆ? ಜಾಸ್ತಿ ತೆಗೆದ್ರೆ ಮಿದುಳು ಒಣಗಲ್ವಾ?

ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್, ನನಗೆ ಹೇಳೋಕೆ ಇರೋದೆಲ್ಲ ಇಲ್ಲೇ ಇದೆ. ದೊಡ್ಡವರ ಮೈಯಲ್ಲಿ ಒಂದು ಹೊತ್ತಿಗೆ ಸುಮಾರು 150 ಎಂಎಲ್ ಸಿಎಸ್‌ಎಫ್ ಇರತ್ತೆ, ಅಂದ್ರೆ ಈ ಬೆನ್ನು ನೀರು, ಆದ್ರೆ ದೇಹ ದಿನಕ್ಕೆ ಹತ್ತಿರ ಹತ್ತಿರ 500 ಎಂಎಲ್ ತಯಾರು ಮಾಡ್ತಾನೇ ಇರತ್ತೆ. ಗಂಟೆಗೆ 20 ಎಂಎಲ್ ಮೇಲೇ ಬಂತು. 10 ಎಂಎಲ್ ತೆಗೆದ್ರೆ ಅರ್ಧ ಗಂಟೆಯಲ್ಲಿ ವಾಪಸ್ ತುಂಬ್ಕೊಳ್ಳತ್ತೆ, ಒಣಗೋ ಮಾತೇ ಇಲ್ಲ.

ಈಗ ಲ್ಯಾಬ್ ಕಡೆ ಕಥೆ ಕೇಳಿ. ಟಿಬಿ ಮೆನಿಂಜೈಟಿಸ್‌ನಲ್ಲಿ ಆ ನೀರಲ್ಲಿ ಬ್ಯಾಕ್ಟೀರಿಯಾ ಇರೋದೇ ಬೆರಳೆಣಿಕೆ. ಕಫದಲ್ಲಿ ಇರೋ ಹಾಗೆ ಲಕ್ಷಗಟ್ಟಲೆ ಇರಲ್ಲ. ಅದಕ್ಕೇ ದೊಡ್ಡವರಿಗೆ ಕನಿಷ್ಠ 6 ಎಂಎಲ್, ಸಾಧ್ಯ ಆದ್ರೆ 8ರಿಂದ 10 ಎಂಎಲ್ ಟಿಬಿ ಟೆಸ್ಟಿಗೇ ಅಂತ ಬೇರೆ ತೆಗೀಬೇಕು, ಅದನ್ನ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ತಳದಲ್ಲಿ ಕೂತಿದ್ದನ್ನ ಮೆಷಿನ್‌ಗೆ ಹಾಕಬೇಕು. ನಮಗೆ ಬರೋದು ಏನು ಗೊತ್ತಾ, ಒಂದು ಎಂಎಲ್. ಕೆಲವು ಸಲ ಅರ್ಧ. ಅದರಲ್ಲೇ ಸೆಲ್ ಕೌಂಟು, ಪ್ರೋಟೀನು, ಶುಗರ್ರು, ಗ್ರಾಮ್ ಸ್ಟೇನು, ಕಲ್ಚರ್ರು ಎಲ್ಲಾ ಮುಗಿಸಿ ಉಳಿದ ಹನಿ ಟಿಬಿಗೆ ಅಂತ ಕಳಿಸ್ತಾರೆ. ಕೆರೆಯಿಂದ ಒಂದು ಚೊಂಬು ನೀರು ಮೊಗೆದು ನೋಡಿ ಕೆರೆಯಲ್ಲಿ ಮೀನೇ ಇಲ್ಲ ಅಂದಂಗೆ ಇದು. ಆಮೇಲೆ ರಿಪೋರ್ಟು ನೆಗೆಟಿವ್ ಬಂದಾಗ ಮೆಷಿನ್ನಿಗೆ ಬೈತಾರೆ.

ಚಿಕ್ಕ ಮಕ್ಕಳಿಗೆ ಇಷ್ಟು ತೆಗೆಯೋಕಾಗಲ್ಲ, ಅವರ ವಯಸ್ಸು ತೂಕ ನೋಡಿ ಡಾಕ್ಟ್ರು ತೀರ್ಮಾನ ಮಾಡ್ತಾರೆ. ದೊಡ್ಡವರ ಕೇಸಲ್ಲಿ ಮಾತ್ರ ಮನೆಯವರು ಧೈರ್ಯವಾಗಿ ಕೇಳಿ, "ಸರ್, ಟಿಬಿ ಟೆಸ್ಟಿಗೆ ಸಾಕಾಗೋಷ್ಟು ನೀರು ಕಳಿಸಿದೀರಾ" ಅಂತ. ಒಳ್ಳೆ ಡಾಕ್ಟ್ರು ಯಾರೂ ಬೇಜಾರು ಮಾಡ್ಕೊಳಲ್ಲ.

ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸಾಲ್ದಾ?

ಸಾಲಲ್ಲ. ಮಾಮೂಲಿ ಲ್ಯಾಬ್‌ಗಳಲ್ಲಿ ಬೆನ್ನು ನೀರಲ್ಲಿ ಟಿಬಿ ಕಣ್ಣಿಗೆ ಕಾಣೋದು ನೂರಕ್ಕೆ ಹತ್ತಿಪ್ಪತ್ತು ಕೇಸಲ್ಲಿ ಅಷ್ಟೇ. ಕಲ್ಚರ್, ಅಂದ್ರೆ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋದು, ಅದಕ್ಕಿಂತ ವಾಸಿ, ಸುಮಾರು ಅರ್ಧದಷ್ಟು ಕೇಸಲ್ಲಿ ಬೆಳೆಯತ್ತೆ, ಆದ್ರೆ ಎರಡರಿಂದ ಆರು ವಾರ ಬೇಕು, ಅಷ್ಟರಲ್ಲಿ ರೋಗಿ ಒಂದು ಕಡೆ ಆಗಿಬಿಟ್ಟಿರ್ತಾರೆ. ಹಾಗಂತ ಕಲ್ಚರ್ ಬಿಡಬೇಡಿ. ಯಾವ ಔಷಧಿಗೆ ಬಗ್ಗತ್ತೆ ಯಾವುದಕ್ಕೆ ಬಗ್ಗಲ್ಲ ಅಂತ ಪೂರ್ತಿಯಾಗಿ ಗೊತ್ತಾಗೋದು ಅದರಲ್ಲೇ.

ಸಿಬಿನ್ಯಾಟ್ ಅಂದ್ರೆ ಏನು, ಒಳಗೆ ಏನ್ ಮಾಡತ್ತೆ?

ಜೀನ್‌ಎಕ್ಸ್‌ಪರ್ಟ್ ಅನ್ನೋ ಮೆಷಿನ್‌ಗೆ ನಮ್ಮ ದೇಶದ ಟಿಬಿ ಪ್ರೋಗ್ರಾಂನಲ್ಲಿ ಇಟ್ಕೊಂಡಿರೋ ಹೆಸರು ಸಿಬಿನ್ಯಾಟ್. ನೋಡೋಕೆ ಚಿಕ್ಕ ಡಬ್ಬ, ಒಳಗೆ ಪ್ಲಾಸ್ಟಿಕ್ ಕಾರ್ಟ್ರಿಡ್ಜ್ ಹೋಗತ್ತೆ. ಸ್ಯಾಂಪಲ್‌ಗೆ ಒಂದು ರೀಏಜೆಂಟ್ ಹಾಕಿ 15 ನಿಮಿಷ ಇಟ್ಟು ಕಾರ್ಟ್ರಿಡ್ಜಿಗೆ ಸುರೀತೀವಿ, ನಮ್ಮ ಕೆಲಸ ಅಲ್ಲಿಗೆ ಮುಗೀತು. ಒಳಗೆ ಅದೇ ಬ್ಯಾಕ್ಟೀರಿಯಾನ ಫಿಲ್ಟರ್ ಮಾಡಿ, ಅಲ್ಟ್ರಾಸೌಂಡಿಂದ ಒಡೆದು, ಡಿಎನ್‌ಎ ಹೊರಗೆ ತಂದು, ಪಿಸಿಆರ್ ಮಾಡಿ ಅದನ್ನ ಕೋಟಿಗಟ್ಟಲೆ ಪಟ್ಟು ಹೆಚ್ಚಿಸಿ ಹುಡುಕತ್ತೆ. ಕೋವಿಡ್ ಟೈಮಲ್ಲಿ ಆರ್‌ಟಿಪಿಸಿಆರ್ ಅಂತ ಎಲ್ರೂ ಕೇಳಿದೀರಲ್ಲ, ಅದೇ ಜಾತಿ. ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ, ಇದ್ರೆ ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧಿಗೆ ಬಗ್ಗತ್ತಾ ಇಲ್ವಾ ಎರಡೂ ಹೇಳತ್ತೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದಕ್ಕೆ ಒಪ್ಪಿಗೆ ಕೊಡ್ತು, 2013ರಲ್ಲಿ ಟಿಬಿ ಮೆನಿಂಜೈಟಿಸ್ ಡೌಟ್ ಇದ್ದಾಗ ಬೆನ್ನು ನೀರಿಗೆ ಮೊದಲನೇ ಟೆಸ್ಟ್ ಇದೇ ಆಗಿರಲಿ ಅಂತು.

ಎರಡು ಗಂಟೆ ಅಂದ್ರೆ ಮೆಷಿನ್ ಟೈಮ್ ಅಷ್ಟೇ, ಅದನ್ನೂ ಹೇಳಿಬಿಡ್ತೀನಿ. ಸ್ಯಾಂಪಲ್ ವಾರ್ಡಿಂದ ಲ್ಯಾಬಿಗೆ ಬರೋದು, ಕ್ಯೂ, ಭಾನುವಾರ, ಕರೆಂಟು, ಕಾರ್ಟ್ರಿಡ್ಜ್ ಸ್ಟಾಕು, ಇದೆಲ್ಲಾ ಸೇರಿ ರಿಪೋರ್ಟ್ ಕೈಗೆ ಬರೋಕೆ ಒಂದು ದಿನ ಎರಡು ದಿನ ಆಗತ್ತೆ. ಮನೆಯವರು ಯಾರಾದ್ರೂ ಒಬ್ಬರು ಸ್ಯಾಂಪಲ್ ಲ್ಯಾಬ್ ಮುಟ್ಟಿದೆಯಾ ಅಂತ ವಿಚಾರಿಸ್ತಾ ಇದ್ರೆ ಒಳ್ಳೇದೇ.

ಅಲ್ಟ್ರಾ ಅಂತ ಇನ್ನೊಂದು ಇದೆಯಂತಲ್ಲ?

ಹೌದು, ಮೆಷಿನ್ ಅದೇ, ಕಾರ್ಟ್ರಿಡ್ಜ್ ಬೇರೆ. ಹಳೇದು ಒಂದು ಎಂಎಲ್‌ನಲ್ಲಿ ನೂರು ಚಿಲ್ಲರೆ ಬ್ಯಾಕ್ಟೀರಿಯಾ ಇದ್ರೆ ಹಿಡಿಯತ್ತೆ, ಅಲ್ಟ್ರಾಗೆ 16ರಷ್ಟು ಇದ್ರೆ ಸಾಕು. ಕಾರಣ ಏನಂದ್ರೆ ಟಿಬಿ ಡಿಎನ್‌ಎಯಲ್ಲಿ ಹಲವಾರು ಸಲ ರಿಪೀಟ್ ಆಗೋ ಭಾಗಗಳನ್ನ ಇದು ಹುಡುಕತ್ತೆ, ಅದರಿಂದ ಸಿಗೋ ಚಾನ್ಸ್ ಜಾಸ್ತಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಶಿಫಾರಸು ಮಾಡ್ತು.

2018ರಲ್ಲಿ ಉಗಾಂಡಾದಿಂದ ಬಂದ ಸ್ಟಡಿಯಲ್ಲಿ, ಎಚ್‌ಐವಿ ಇದ್ದ ರೋಗಿಗಳಲ್ಲಿ, ಅಲ್ಟ್ರಾ ನೂರಕ್ಕೆ 95 ಹಿಡೀತು, ಹಳೇದು 45. ಎಲ್ರೂ ಕುಣಿದಾಡಿದ್ರು. ಆ ಸ್ಟಡಿ ಚಿಕ್ಕದು, ಟಿಬಿ ಅಂತ ಲೆಕ್ಕಕ್ಕೆ ಸಿಕ್ಕವರು 22 ಜನ ಅಷ್ಟೇ. 2020ರಲ್ಲಿ ಅದೇ ಉಗಾಂಡಾದ ಇನ್ನೊಂದು ಸ್ಟಡಿಯಲ್ಲಿ 76ರ ಹತ್ರ ಬಂತು, ಅದೇ ವರ್ಷ ವಿಯೆಟ್ನಾಂನಲ್ಲಿ ನೋಡಿದಾಗ 47, ಹಳೇ ಕಾರ್ಟ್ರಿಡ್ಜಿಗಿಂತ ಅಂಥ ದೊಡ್ಡ ವ್ಯತ್ಯಾಸವೇ ಇಲ್ಲ. ರೋಗಿಗಳು ಯಾರು, ಎಚ್‌ಐವಿ ಎಷ್ಟು ಜನಕ್ಕಿದೆ, ಟಿಬಿ ಅಂತ ಯಾವ ಅಳತೆಯಲ್ಲಿ ತೀರ್ಮಾನ ಮಾಡಿದ್ರು, ಇದೆಲ್ಲ ಒಂದೊಂದು ಕಡೆ ಒಂದೊಂದು ಥರ. ನನ್ನ ಲೆಕ್ಕದಲ್ಲಿ ಅಲ್ಟ್ರಾ ಸಿಕ್ಕಿದ್ರೆ ಅದನ್ನೇ ಮಾಡಿಸಿ, ನಿಮ್ಮ ಲ್ಯಾಬಲ್ಲಿ ಯಾವ ಕಾರ್ಟ್ರಿಡ್ಜ್ ಅಂತ ಕೇಳೋದು ತಪ್ಪಲ್ಲ, ಆದ್ರೆ 95 ಅನ್ನೋ ನಂಬರ್ ತಲೇಲಿ ಇಟ್ಕೊಂಡು ಕೂರಬೇಡಿ.

ನೆಗೆಟಿವ್ ಬಂತು. ಅಂದ್ರೆ ಟಿಬಿ ಇಲ್ಲ ತಾನೆ?

ಇಲ್ಲ ಅಂತ ಹೇಳೋಕೆ ಆಗಲ್ಲ. ಪಾಸಿಟಿವ್ ಬಂದ್ರೆ ನಂಬಿ, ಸುಳ್ಳು ಪಾಸಿಟಿವ್ ಬಹಳ ಕಮ್ಮಿ. ನೆಗೆಟಿವ್ ಬಂದ್ರೆ ಈ ಸ್ಯಾಂಪಲ್ಲಲ್ಲಿ ಸಿಗಲಿಲ್ಲ ಅಂತ ಮಾತ್ರ ಅರ್ಥ. ಮೇಲಿನ ನಂಬರ್ ಇನ್ನೊಂದು ಸಲ ನೋಡಿ, ವಿಯೆಟ್ನಾಂನಲ್ಲಿ ನಿಜವಾಗ್ಲೂ ಟಿಬಿ ಅಂತ ತೀರ್ಮಾನ ಆದವರಲ್ಲೇ ಅರ್ಧಕ್ಕಿಂತ ಜಾಸ್ತಿ ಜನರ ಟೆಸ್ಟ್ ನೆಗೆಟಿವ್.

ಅದಕ್ಕೇ ಡಾಕ್ಟ್ರು ರಿಪೋರ್ಟ್ ನೆಗೆಟಿವ್ ಇದ್ರೂ ಟಿಬಿ ಮಾತ್ರೆ ಶುರು ಮಾಡ್ತಾರೆ, ಎಷ್ಟೋ ಸಲ ರಿಪೋರ್ಟಿಗೆ ಕಾಯೋದೇ ಇಲ್ಲ. ಮನೆಯವರಿಗೆ ಇದು ವಿಚಿತ್ರ ಅನ್ಸತ್ತೆ, ಟಿಬಿ ಇಲ್ಲ ಅಂತ ಬರೆದಿದ್ರೂ ಯಾಕೆ ಇಷ್ಟು ಮಾತ್ರೆ ನುಂಗಿಸ್ತಿದಾರೆ ಅಂತ, ಇನ್ನೊಂದು ಆಸ್ಪತ್ರೆಗೆ ಓಡ್ತಾರೆ, ಅಲ್ಲಿ ಮತ್ತೆ ಮೊದಲಿಂದ ಶುರು, ಒಂದು ವಾರ ಹೋಯ್ತು. ಡಾಕ್ಟ್ರು ನೋಡೋದು ಒಂದೇ ಟೆಸ್ಟ್ ಅಲ್ಲ. ಎಷ್ಟು ದಿನದಿಂದ ಕಾಯಿಲೆ, ಬೆನ್ನು ನೀರಲ್ಲಿ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಇದೆಯಾ, ಪ್ರೋಟೀನ್ ಏರಿದೆಯಾ, ನೀರಿನ ಶುಗರ್ ರಕ್ತದ ಶುಗರ್‌ನ ಅರ್ಧಕ್ಕಿಂತ ಕೆಳಗಿದೆಯಾ, ಸ್ಕ್ಯಾನಲ್ಲಿ ಮಿದುಳಿನ ತಳಭಾಗದಲ್ಲಿ ಊತ ಕಾಣ್ತಿದೆಯಾ, ನೀರು ತುಂಬ್ಕೊಂಡಿದೆಯಾ, ಗಂಟು ಇದೆಯಾ, ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ, ಎಲ್ಲಾ ಸೇರಿಸಿ ಲೆಕ್ಕ ಹಾಕ್ತಾರೆ. ಡೌಟ್ ಜೋರಾಗಿದ್ರೆ ಎರಡು ಮೂರು ದಿನ ಬಿಟ್ಟು ಮತ್ತೆ ನೀರು ತೆಗೆದು ಕಳಿಸ್ತಾರೆ, ಎರಡನೇ ಸಲದಲ್ಲಿ ಸಿಕ್ಕಿರೋ ಕೇಸುಗಳು ಬೇಕಾದಷ್ಟಿವೆ.

ರಿಪೋರ್ಟಲ್ಲಿ ಟ್ರೇಸ್ ಅಂತ ಬರೆದಿದೆ, ಪಾಸಿಟಿವೋ ನೆಗೆಟಿವೋ?

ಅಲ್ಟ್ರಾದಲ್ಲಿ ಮಾತ್ರ ಬರೋದು ಇದು. ಬಹಳ ಕಮ್ಮಿ ಡಿಎನ್‌ಎ ಸಿಕ್ಕಿದೆ ಅಂತ. ಕಫದಲ್ಲಿ ಟ್ರೇಸ್ ಬಂದ್ರೆ, ಅದ್ರಲ್ಲೂ ಹಿಂದೆ ಟಿಬಿ ಆಗಿದ್ದವರಲ್ಲಿ, ಸ್ವಲ್ಪ ಯೋಚನೆ ಮಾಡ್ತಾರೆ. ಬೆನ್ನು ನೀರಲ್ಲಿ ಬಂದ್ರೆ ಟಿಬಿ ಅಂತಾನೇ ತಗೋಬೇಕು. ಆದ್ರೆ ರಿಫಾಂಪಿಸಿನ್‌ಗೆ ಬಗ್ಗತ್ತಾ ಅನ್ನೋ ಉತ್ತರ ಟ್ರೇಸ್‌ನಲ್ಲಿ ಬರಲ್ಲ, ಅಲ್ಲಿ ಇಂಡಿಟರ್ಮಿನೇಟ್ ಅಂತ ಇರತ್ತೆ, ಅದನ್ನ ರೆಸಿಸ್ಟೆನ್ಸ್, ಅಂದ್ರೆ ಔಷಧಿಗೆ ಬಗ್ಗಲ್ಲ ಅಂತ ಓದ್ಕೊಂಡು ಗಾಬರಿ ಆಗಬೇಡಿ.

ಎರರ್, ಇನ್‌ವ್ಯಾಲಿಡ್ ಅಂತ ಬಂದ್ರೆ?

ಟೆಸ್ಟ್ ಆಗಿಲ್ಲ ಅಂತ. ಮತ್ತೆ ಹಾಕ್ಬೇಕು, ಅದಕ್ಕೂ ಸ್ಯಾಂಪಲ್ ಉಳಿದಿರಬೇಕಲ್ಲ, ಬಂತಾ ಮತ್ತೆ ಒಂದು ಎಂಎಲ್ ಕಥೆ.

ರಿಫಾಂಪಿಸಿನ್ ರೆಸಿಸ್ಟೆನ್ಸ್ ಇಲ್ಲ ಅಂತ ಬಂದಿದೆ, ಹಾಗಾದ್ರೆ ಎಲ್ಲಾ ಮಾತ್ರೆ ಕೆಲಸ ಮಾಡತ್ತಾ?

ಹಾಗಲ್ಲ. ಸಿಬಿನ್ಯಾಟ್ ನೋಡೋದು ರಿಫಾಂಪಿಸಿನ್ ಒಂದನ್ನೇ. ಐಸೋನಿಯಾಜಿಡ್ ಅಂತ ಇನ್ನೊಂದು ಇದೆ, ಮಿದುಳು ನೀರಿಗೆ ಚೆನ್ನಾಗಿ ಇಳಿಯೋ ಔಷಧಿ, ಬ್ರೈನ್ ಟಿಬಿಯಲ್ಲಿ ಅದರ ಮೇಲೆ ಬಹಳ ಭಾರ ಬಿದ್ದಿರತ್ತೆ. ರಿಫಾಂಪಿಸಿನ್ ಆ ಕಡೆ ಅಷ್ಟು ಸುಲಭವಾಗಿ ಹೋಗಲ್ಲ. 2014-16ರಲ್ಲಿ ನಮ್ಮ ದೇಶದಲ್ಲಿ ಶ್ವಾಸಕೋಶದ ಟಿಬಿ ರೋಗಿಗಳ ಮೇಲೆ ಮಾಡಿದ ಸರ್ವೇಲಿ, ಹೊಸ ರೋಗಿಗಳಲ್ಲೇ ನೂರಕ್ಕೆ 11 ಜನರಲ್ಲಿ ಐಸೋನಿಯಾಜಿಡ್‌ಗೆ ರೆಸಿಸ್ಟೆನ್ಸ್ ಇತ್ತು. ಅದನ್ನ ನೋಡೋಕೆ ಎಲ್‌ಪಿಎ ಅಂತ ಬೇರೆ ಟೆಸ್ಟ್ ಇದೆ, ಬೆನ್ನು ನೀರಲ್ಲಿ ಡಿಎನ್‌ಎ ಕಮ್ಮಿ ಇರೋದ್ರಿಂದ ಸಾಮಾನ್ಯವಾಗಿ ಕಲ್ಚರ್ ಬೆಳೆದ ಮೇಲೆ ಅದರಿಂದ ಮಾಡ್ತಾರೆ. ಕಲ್ಚರ್ ಬಿಡಬೇಡಿ ಅಂದಿದ್ದು ಇದಕ್ಕೇ.

ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಟ್ರೂನ್ಯಾಟ್ ಇದೆ, ಅದು ಆಗಲ್ವಾ?

ಟ್ರೂನ್ಯಾಟ್ ಕೂಡ ಡಿಎನ್‌ಎ ಹುಡುಕೋ ಟೆಸ್ಟೇ, ನಮ್ಮ ಗೋವಾದ ಕಂಪನಿಯದು, ಬ್ಯಾಟರಿ ಮೇಲೆ ಓಡತ್ತೆ, ಎಸಿ ಬೇಕಿಲ್ಲ, ಹಳ್ಳಿ ಕಡೆಗೆ ಹೇಳಿ ಮಾಡಿಸಿದಂಗಿದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಒಪ್ಕೊಂಡಿತು, ಆದ್ರೆ ಅದು ಶ್ವಾಸಕೋಶದ ಟಿಬಿಗೆ. ಬೆನ್ನು ನೀರಿನ ವಿಷಯದಲ್ಲಿ ಜೀನ್‌ಎಕ್ಸ್‌ಪರ್ಟ್ ಮೇಲೆ ಆಗಿರೋಷ್ಟು ಕೆಲಸ ಅದರ ಮೇಲೆ ಆಗಿಲ್ಲ. ಎರಡೂ ಸಿಗೋ ಹಾಗಿದ್ರೆ ಸಿಬಿನ್ಯಾಟ್. ಅದೊಂದೇ ಇದ್ರೆ ಅದೇ ಸರಿ, ಆದ್ರೆ ನೆಗೆಟಿವ್ ಬಂತು ಅಂತ ಮನೆಗೆ ಕರ್ಕೊಂಡು ಹೋಗಬೇಡಿ.

ಪ್ರೈವೇಟಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮೆನಿಂಜೈಟಿಸ್ ಪ್ಯಾನೆಲ್ ಮಾಡಿಸಿದೀವಿ, ಎಲ್ಲಾ ನೆಗೆಟಿವ್, ಮತ್ತೆ ಯಾಕೆ ಸಿಬಿನ್ಯಾಟ್?

ಯಾಕಂದ್ರೆ ಬಹಳ ಕಡೆ ಮಾಡೋ ಆ ರೆಡಿಮೇಡ್ ಪ್ಯಾನೆಲ್‌ನಲ್ಲಿ ಟಿಬಿನೇ ಇಲ್ಲ! ಬ್ಯಾಕ್ಟೀರಿಯಾ, ವೈರಸ್, ಕ್ರಿಪ್ಟೋಕಾಕಸ್ ಫಂಗಸ್ ಎಲ್ಲಾ ಸೇರಿ 14 ಹೆಸರು ಇರತ್ತೆ, ಟಿಬಿ ಇರಲ್ಲ. ಪಟ್ಟಿ ಓದಿ ನೋಡಿ. ನಮ್ಮ ದೇಶದಲ್ಲಿ ಟಿಬಿ ಬಿಟ್ಟು ಮೆನಿಂಜೈಟಿಸ್ ಹುಡುಕೋದು ಎಂಥ ಲೆಕ್ಕಾಚಾರವೋ ನನಗಂತೂ ಅರ್ಥ ಆಗಿಲ್ಲ, ಆ ಪ್ಯಾನೆಲ್ ಮಾಡಿದ್ದು ನಮ್ಮನ್ನ ನೋಡ್ಕೊಂಡು ಅಲ್ಲ ಬಿಡಿ.

ಎಡಿಎ ಜಾಸ್ತಿ ಬಂದಿದೆ, ರಕ್ತದ ಟಿಬಿ ಟೆಸ್ಟೂ ಮಾಡಿಸಿದೀವಿ. ಸಾಕಾ?

ಎಡಿಎ ಅಂದ್ರೆ ಬೆನ್ನು ನೀರಲ್ಲಿ ಅಳೆಯೋ ಒಂದು ಎನ್‌ಜೈಮ್, ಅದು ಒಂದು ಸುಳಿವು ಅಷ್ಟೇ, ಬೇರೆ ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಲ್ಲೂ ಏರತ್ತೆ. ಚರ್ಮಕ್ಕೆ ಚುಚ್ಚೋ ಮಾಂಟೂ ಆಗಲಿ, ಇಗ್ರಾ ಅನ್ನೋ ರಕ್ತದ ಟೆಸ್ಟ್ ಆಗಲಿ ಯಾವಾಗಲೋ ಟಿಬಿ ಒಳಗೆ ಬಂದಿದೆಯಾ ಅಂತ ಹೇಳತ್ವೆ, ಈಗ ಮಿದುಳಲ್ಲಿ ಇದೆಯಾ ಅಂತ ಅಲ್ಲ. ಇನ್ನು ಟಿಬಿಗೆ ಅಂತ ಮಾಡ್ತಿದ್ದ ಆ್ಯಂಟಿಬಾಡಿ ಟೆಸ್ಟನ್ನ ಸರ್ಕಾರ 2012ರಲ್ಲೇ ಬ್ಯಾನ್ ಮಾಡಿದೆ, ಯಾರಾದ್ರೂ ಬರೆದುಕೊಟ್ರೆ ದುಡ್ಡು ಕೊಡಬೇಡಿ.

ಮಾತ್ರೆ ಶುರು ಆಗಿ ನಾಲ್ಕು ದಿನ ಆಯ್ತು, ಈಗ ನೀರು ಕಳಿಸಿದ್ರೆ ಪ್ರಯೋಜನ ಇದೆಯಾ?

ಇದೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎನೂ ಸಿಬಿನ್ಯಾಟ್ ಹಿಡಿಯತ್ತೆ, ಕಲ್ಚರ್ ಹಾಗಲ್ಲ, ದಿನ ಕಳೆದಷ್ಟೂ ಬೆಳೆಯೋ ಸಾಧ್ಯತೆ ಇಳೀತಾ ಹೋಗತ್ತೆ. ಆದಷ್ಟು ಬೇಗ ಕಳಿಸಿ. ಇದೇ ಕಾರಣಕ್ಕೆ ವಾಸಿ ಆಗಿದೆಯಾ ಅಂತ ನೋಡೋಕೆ ಸಿಬಿನ್ಯಾಟ್ ಬಳಸಲ್ಲ, ಟ್ರೀಟ್‌ಮೆಂಟ್ ಚೆನ್ನಾಗಿ ನಡೀತಿದ್ರೂ ಪಾಸಿಟಿವ್ ತೋರಿಸಬಹುದು.

ಎಲ್ಲಿ ಮಾಡ್ತಾರೆ, ಎಷ್ಟು ಖರ್ಚು?

ಸರ್ಕಾರಿ ವ್ಯವಸ್ಥೆಯಲ್ಲಿ ಫ್ರೀ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಿ. ಬೆಂಗಳೂರಲ್ಲಿ ನಿಮ್ಹಾನ್ಸ್‌ಗೆ ರಾಜ್ಯದ ಮೂಲೆಮೂಲೆಯಿಂದ ಇಂಥ ಕೇಸು ಬರತ್ವೆ, ಆದ್ರೆ ಬೀದರಿಂದಲೋ ಕಾರವಾರದಿಂದಲೋ ಅಲ್ಲಿಗೇ ಹೋಗೋವರೆಗೂ ಏನೂ ಮಾಡಬಾರದು ಅಂತ ಕೂರಬೇಡಿ, ನೀರು ತೆಗೆಯೋದು, ಮಾತ್ರೆ ಶುರು ಮಾಡೋದು ಜಿಲ್ಲಾ ಮಟ್ಟದಲ್ಲೇ ಆಗೋ ಕೆಲಸ. ಆಪರೇಷನ್ ಬೇಕಾದ್ರೆ, ಅಂದ್ರೆ ಮಿದುಳಲ್ಲಿ ನೀರು ತುಂಬಿ ಅದನ್ನ ಹೊರಗೆ ಹರಿಸೋ ಶಂಟ್ ಅನ್ನೋ ಕೊಳವೆ ಹಾಕೋ ಪರಿಸ್ಥಿತಿ ಬಂದ್ರೆ, ಆಗ ದೊಡ್ಡ ಕಡೆ. ಪ್ರೈವೇಟಲ್ಲಿ ತೋರಿಸ್ತಿದ್ರೂ ಕೇಸನ್ನ ನಿಕ್ಷಯ್‌ನಲ್ಲಿ, ಅಂದ್ರೆ ಟಿಬಿ ರೋಗಿಗಳನ್ನ ದಾಖಲಿಸೋ ಸರ್ಕಾರದ ಪೋರ್ಟಲ್‌ನಲ್ಲಿ, ನೋಂದಾಯಿಸಲೇಬೇಕು, ಅದಾದ್ರೆ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಅಕೌಂಟಿಗೆ ಬರತ್ತೆ, ಮೊದಲು 500 ಇತ್ತು, 2024ರ ನವೆಂಬರಿಂದ ಡಬಲ್ ಮಾಡಿದಾರೆ. ಟಿಬಿ ಹೆಲ್ಪ್‌ಲೈನ್ 1800-11-6666, ಫ್ರೀ ಕಾಲ್.

ಎಷ್ಟು ತಿಂಗಳು ಮಾತ್ರೆ? ಸ್ಟಿರಾಯ್ಡ್ ಯಾಕೆ ಕೊಡ್ತಾರೆ, ಸೈಡ್ ಎಫೆಕ್ಟ್ ಇಲ್ವಾ?

ಶ್ವಾಸಕೋಶದ ಟಿಬಿಗೆ ಆರು ತಿಂಗಳು, ಇದಕ್ಕೆ ಸಾಮಾನ್ಯವಾಗಿ 9ರಿಂದ 12. ಮಧ್ಯದಲ್ಲಿ ಹುಷಾರಾಯ್ತು ಅಂತ ಬಿಟ್ರೆ ಮುಗೀತು ಕಥೆ. ಸ್ಟಿರಾಯ್ಡ್‌ಗೆ ಜನ ಹೆದರ್ತಾರೆ, ಆದ್ರೆ ಇಲ್ಲಿ ಅದಕ್ಕೆ ಗಟ್ಟಿ ಆಧಾರ ಇದೆ. ವಿಯೆಟ್ನಾಂನಲ್ಲಿ 545 ಜನರ ಮೇಲೆ ಮಾಡಿ 2004ರಲ್ಲಿ ಬಂದ ಟ್ರಯಲ್‌ನಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ಕೊಟ್ಟವರಲ್ಲಿ ಸಾವು ನೂರಕ್ಕೆ 41ರಿಂದ 32ಕ್ಕೆ ಇಳೀತು. ಎಚ್‌ಐವಿ ಇದ್ದವರಿಗೆ ಅಷ್ಟು ಉಪಯೋಗ ಇಲ್ಲ ಅಂತ 2023ರ ಇನ್ನೊಂದು ಟ್ರಯಲ್ ಹೇಳಿದೆ, ಆದ್ರಿಂದ ಎಚ್‌ಐವಿ ಟೆಸ್ಟ್ ಮೊದಲೇ ಮಾಡಿಸ್ತಾರೆ, ಅದನ್ನ ಅವಮಾನ ಅಂತ ತಿಳ್ಕೋಬೇಡಿ, ಎಲ್ಲಾ ಟಿಬಿ ರೋಗಿಗಳಿಗೂ ಮಾಡೋದೇ. ಶುಗರ್ ಇರೋವರು ಮಾತ್ರ ಸ್ಟಿರಾಯ್ಡ್ ಟೈಮಲ್ಲಿ ದಿನಾ ಚೆಕ್ ಮಾಡಿಸ್ಕೊಳ್ಳಿ, ಏರತ್ತೆ.

ಇವರಿಂದ ಮನೆಯವರಿಗೆ ಹರಡತ್ತಾ? ತಟ್ಟೆ ಲೋಟ ಬೇರೆ ಇಡಬೇಕಾ?

ಮಿದುಳಿನ ಟಿಬಿ ಹರಡಲ್ಲ. ತಟ್ಟೆ ಲೋಟದಿಂದ ಯಾವ ಟಿಬಿನೂ ಹರಡಲ್ಲ. ಆದ್ರೆ ಅದೇ ರೋಗಿಗೆ ಶ್ವಾಸಕೋಶದಲ್ಲೂ ಇದ್ರೆ ಕೆಮ್ಮಿನಿಂದ ಹರಡಬಹುದು, ಅದಕ್ಕೆ ಎಕ್ಸ್‌ರೇ, ಕಫ ಇದ್ರೆ ಕಫ ಟೆಸ್ಟ್. ತಿರುಗಾ ಇನ್ನೊಂದು ಪ್ರಶ್ನೆ ಇದೆ, ಇವರಿಗೆ ಯಾರಿಂದ ಬಂತು ಅಂತ. ಅದ್ರಲ್ಲೂ ಮಗುವಿಗೆ ಬ್ರೈನ್ ಟಿಬಿ ಬಂದಿದ್ರೆ ಮನೇಲೋ ಪಕ್ಕದಲ್ಲೋ ಕೆಮ್ಮುತ್ತಿರೋ ದೊಡ್ಡವರು ಯಾರೋ ಇರ್ತಾರೆ, ಕೆಮ್ಮು ಮಾಮೂಲಿ ಬೀಡಿ ಸೇದ್ತಾರಲ್ಲ ಅಂತ ಬಿಟ್ಟಿರೋ ತಾತ ಆಗಿರಬಹುದು, ಅವರನ್ನ ಮೊದಲು ಕರ್ಕೊಂಡು ಹೋಗಿ. ಹುಟ್ಟಿದಾಗ ಹಾಕೋ ಬಿಸಿಜಿ ಲಸಿಕೆ ಮಕ್ಕಳಲ್ಲಿ ಈ ಮಿದುಳಿನ ಟಿಬಿಯಿಂದ ಒಳ್ಳೆ ರಕ್ಷಣೆನೇ ಕೊಡತ್ತೆ, ಪೂರ್ತಿ ಅಲ್ಲ, ಆದ್ರಿಂದ ಲಸಿಕೆ ಆಗಿದೆ ಅಂತ ಜ್ವರ ವಾಂತಿ ತಲೆನೋವು ಇರೋ ಮಗುನ ಮನೇಲಿ ಇಟ್ಕೋಬೇಡಿ. ಶ್ವಾಸಕೋಶದ ಟಿಬಿ ಇರೋವರ ಜೊತೆ ಒಂದೇ ಮನೇಲಿ ಇದ್ದು ಕಾಯಿಲೆ ಇಲ್ಲದೇ ಇರೋವರಿಗೆ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳಿಗೆ, ಟಿಬಿ ಬರದ ಹಾಗೆ ತಡೆಯೋ ಮಾತ್ರೆ ಸರ್ಕಾರದಿಂದಲೇ ಸಿಗತ್ತೆ, ಆಶಾ ಕಾರ್ಯಕರ್ತೆಯರ ಹತ್ರ ಇಲ್ಲಾ ಹತ್ತಿರದ ಪಿಎಚ್‌ಸಿಯಲ್ಲಿ ಕೇಳಿ.